ದೊರೆಸಾನಿಗೆ ಹಾಕಿದ ಶಿಳ್ಳೆ

ನಂಬಬೇಡ. ನಂಬು ಅಂತ ಯಾರು ನಿನ್ನ ಕಾಲು ಹಿಡಿದರು? ಆದರೆ ಪೂರ್ತಿ ಕೇಳುವ ಮೊದಲೇ ಹಾಗೆ ತುಟಿ ವಾರೆ ಮಾಡಬೇಡ. ಕುದುರೆಯ ರಕ್ತವೂ ಕುದುರೆಯ ಹಾಗೇ ಓಡುತ್ತದೆ ಎಂದದ್ದರಲ್ಲಿ ಸುಳ್ಳೇನಿದೆ? ಮನುಷ್ಯನ ರಕ್ತವನ್ನು ಸೀಸೆಯಲ್ಲಿ ನಿಲ್ಲಿಸಿಡು. ಅದು ಕಚೇರಿಯ ಗುಮಾಸ್ತನಂತೆ, ಎದ್ದೇಳು ಎಂದರೂ ಏಳದೆ, ಗಂಟೆಗೆ ಒಂದು ಉಗುರಿನಷ್ಟು ಕೆಳಗಿಳಿದರೆ ಹೆಚ್ಚು. ಕುದುರೆಯ ರಕ್ತ ನಿಲ್ಲಿಸಿಡು. ನೀನು ಕನ್ನಡಕ ತೆಗೆದು ಒರೆಸಿ ಮತ್ತೆ ಮೂಗಿನ ಮೇಲೆ ಏರಿಸುವಷ್ಟರಲ್ಲಿ ಕೆಂಪೆಲ್ಲ ತಳ ಸೇರಿ, ಮೇಲೆ ಬರೀ ಹಳದಿ ನೀರು ನಿಂತಿರುತ್ತದೆ. ಹತ್ತು ನಿಮಿಷವಾದರೂ ಬೇಕು ಎನ್ನುತ್ತೀಯಾ? ಬೇಕಾಗಬಹುದು. ಕೆಲವರು ಕನ್ನಡಕವನ್ನು ಹತ್ತು ನಿಮಿಷ ಒರೆಸುತ್ತಾರೆ. ಹನಿಯಕ್ಕ ಒರೆಸುತ್ತಿದ್ದಳು.

ಯಾವ ಹನಿಯಕ್ಕ ಎಂದರೆ, ಊರ ಅಂಚಿನ ಕುದುರೆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ರಕ್ತ, ಮೂತ್ರ, ಲದ್ದಿಗಳ ಪರೀಕ್ಷೆ ಮಾಡಿದವಳು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಸೂಜಿ ಕಂಡು ಕಿವಿ ಹಿಂದಕ್ಕೆ ಮಡಚಿದ ಕುದುರೆಗಳಿಗೆಲ್ಲ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಒಂದೇ ಒಂದು ಹನಿ ಕಣೋ ರಾಜ, ಅಷ್ಟೇ." ತೆಗೆಯುತ್ತಿದ್ದದ್ದು ಮಾತ್ರ ಒಂದು ಸೀಸೆ. ಕುದುರೆಗಳಿಗೆ ಎಣಿಸಲು ಬಾರದ್ದರಿಂದ ಬದುಕು ಸುಖವಾಗಿ ನಡೆಯಿತು, ಹೆಸರೂ ಅಂಟಿಕೊಂಡಿತು.

ಅವಳಪ್ಪ ದರ್ಜಿ. ಗಿರಾಕಿಗಳ ಎದೆ, ಸೊಂಟ, ತೋಳಿನ ಅಳತೆಯನ್ನು ಚೀಟಿಯಲ್ಲಿ ಬರೆದು ಬಟ್ಟೆಗೆ ಪಿನ್ನು ಹಾಕುವ ಕೆಲಸ ಅವಳದು. ಹಾಗೆ ಬರೆದು ಬರೆದು ಅಕ್ಷರ ಮುತ್ತು ಪೋಣಿಸಿದಂತಾಗಿತ್ತು. ಆ ಅಕ್ಷರದ ಮೇಲೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಆ ಜಂಬವನ್ನು ಸ್ವಲ್ಪ ನೆನಪಿಟ್ಟುಕೋ, ಮುಂದೆ ಅದರಿಂದಲೇ ಒಂದು ಕುದುರೆ ಕಲ್ಲುಕ್ವಾರಿಗೆ ಹೊರಡುವುದರಲ್ಲಿತ್ತು.

ಮನುಷ್ಯರ ಆಸ್ಪತ್ರೆಯ ಲ್ಯಾಬಿನಲ್ಲಿ ಏಳು ವರ್ಷ ದುಡಿದು, ಎರಡನೇ ಮಗುವಾದ ಮೇಲೆ ಮನೆಗೆ ಹತ್ತಿರವೆಂದು ಈ ಕುದುರೆ ಆಸ್ಪತ್ರೆಗೆ ಬಂದಳು. "ಇಲ್ಲಿ ರೋಗಿಗಳು ಕಿಟಕಿಗೆ ಬಂದು ರಿಪೋರ್ಟ್ ಆಯ್ತಾ, ರಿಪೋರ್ಟ್ ಆಯ್ತಾ ಅಂತ ಪ್ರಾಣ ತಿನ್ನಲ್ಲ" ಎಂಬುದು ಅವಳ ಲೆಕ್ಕಾಚಾರ. ಮೊದಲ ದಿನವೇ ಹನ್ನೊಂದು ಕುದುರೆಗಳ ರಕ್ತ ಬಂತು. ತಿರುಗುವ ಯಂತ್ರಕ್ಕೆ ಹಾಕಿ ತೆಗೆದು ನೋಡುತ್ತಾಳೆ, ಹನ್ನೊಂದರ ಮೇಲ್ಭಾಗದ ನೀರೂ ಅಚ್ಚ ಹಳದಿ. ಹನ್ನೊಂದು ರಿಪೋರ್ಟಿನ ಮೇಲೂ ಮುತ್ತಿನ ಅಕ್ಷರದಲ್ಲಿ "ಕಾಮಾಲೆ ಇರಬಹುದು" ಎಂದು ಬರೆದು, ಕೈಯನ್ನು ಮೂರು ಸಲ ತೊಳೆದು, ಡಾಕ್ಟರ ಮೇಜಿನ ಮೇಲಿಟ್ಟಳು.

ಡಾಕ್ಟರು ಆನೆಯಂಥ ಮೈಯವರು, ದನಿ ಮಾತ್ರ ಕಿರಿದು. ಒಂದೊಂದೇ ಹಾಳೆ ತಿರುವಿ, ಕೊನೆಗೆ ಕೇಳಿದರು: "ಏನಮ್ಮ, ಬಂದ ದಿನವೇ ಊರಿನ ಕುದುರೆಗೆಲ್ಲ ಕಾಮಾಲೆ ಹಂಚಿಬಿಟ್ಟೆಯಲ್ಲ?"

"ಸಾರ್, ನೀವೇ ನೋಡಿ, ಹೆಂಗೆ ಹಳದಿ ಇದೆ."

"ಅವು ಹುಲ್ಲು ತಿನ್ನೋ ಜನ ಕಣಮ್ಮ. ಅವುಗಳ ರಕ್ತದ ನೀರು ಇರೋದೇ ಹಾಗೆ. ನೀನು ಬೆಳ್ಳಗಿರೋದು ಕಂಡ್ರೆ ಅವುಗಳು ನಿನಗೇ ಏನೋ ಕಾಯಿಲೆ ಅಂದ್ಕೊಳ್ತಾವೆ."

ಅಂದಿನಿಂದ ಒಂದು ತಿಂಗಳು ಆಸ್ಪತ್ರೆಯಲ್ಲಿ ಯಾರು ಹಳದಿ ಬಟ್ಟೆ ಹಾಕಿಕೊಂಡು ಬಂದರೂ "ಹನಿಯಕ್ಕನ ಹತ್ತಿರ ಹೋಗಬೇಡ, ಬರೆದುಬಿಡ್ತಾಳೆ" ಎಂಬ ಮಾತಾಯಿತು. ಅವಳೂ ನಕ್ಕಳು. ಆದರೆ ಮನೆಗೆ ಬಂದು ಗಂಡನ ಮುಂದೆ ಮುಖ ಊದಿಸಿದಳು. ಗಂಡ ಗಡಿಯಾರ ರಿಪೇರಿಯವನು, ಎದುರು ಓಣಿಯಲ್ಲೇ ಅಂಗಡಿ. ಆ ಕಾಲಕ್ಕೆ ಊರಿನಲ್ಲೇ ಚೆಂದದ ಮೀಸೆ ಅವನದು. ಇದು ಪಕ್ಷಪಾತದ ಮಾತಲ್ಲ, ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ. ಅವನು ಸಮಾಧಾನ ಮಾಡಿದ: "ಹೋಗ್ಲಿ ಬಿಡು. ನಾನು ಮೊದಲ ವಾರ ರಿಪೇರಿ ಮಾಡಿದ ಗಡಿಯಾರ ಹಿಂದಕ್ಕೆ ಓಡ್ತಿತ್ತು. ಅದರ ಯಜಮಾನಿ ಈಗಲೂ ನಲವತ್ತರಲ್ಲೇ ಇದಾರೆ."

ಇದು ಪೀಠಿಕೆ. ಇನ್ನು ದೊರೆಸಾನಿಯ ವಿಷಯ.

ಆಸ್ಪತ್ರೆಯಿಂದ ಕಾಲು ಗಂಟೆ ನಡೆದರೆ ಒಂದು ಸವಾರಿ ಶಾಲೆ. ಅಲ್ಲಿ ಮಕ್ಕಳಿಗೆ ಕುದುರೆ ಸವಾರಿ ಕಲಿಸುತ್ತಿದ್ದರು. ದೊರೆಸಾನಿ ಅಲ್ಲಿಯ ಬೂದು ಬಣ್ಣದ ಹೆಣ್ಣು ಕುದುರೆ, ಹದಿನಾಲ್ಕು ವರ್ಷದವಳು, ಐದು ತಿಂಗಳ ಹಿಂದಷ್ಟೇ ಯಾರಿಂದಲೋ ಕೊಂಡು ತಂದದ್ದು. ನಡಿಗೆ ನೋಡಿದರೆ ತವರಿಗೆ ಹೊರಟ ಜಮೀನ್ದಾರರ ಸೊಸೆಯಂತೆ. ಅದಕ್ಕೇ ಆ ಹೆಸರು. ಅವಳನ್ನು ನೋಡಿಕೊಳ್ಳುತ್ತಿದ್ದವನು ಲಾಯದ ತಾತ. ಒಣಗಿದ ಕಡ್ಡಿಯಂಥ ಮನುಷ್ಯ, ಮಾತೆಲ್ಲ ಕುದುರೆಗಳ ಜೊತೆ, ಮನುಷ್ಯರಿಗೆ ಬರೀ ಹೂಂ, ಊಹೂಂ. ಮದುವೆಯಾಗಿರಲಿಲ್ಲ. ಕೇಳಿದರೆ ದೊರೆಸಾನಿಯ ಕಡೆ ಕೈ ತೋರಿಸಿ "ಇವಳನ್ನ ಯಾರು ನೋಡ್ಕೊಳ್ತಾರೆ?" ಎನ್ನುತ್ತಿದ್ದ. ಅವಳು ಬಂದು ಐದು ತಿಂಗಳು, ಅವನಿಗೆ ವಯಸ್ಸು ಅರವತ್ತೆರಡು. ಲೆಕ್ಕ ಹೊಂದುತ್ತಿರಲಿಲ್ಲ, ಯಾರೂ ಹೊಂದಿಸಲು ಹೋಗಲಿಲ್ಲ.

ಈ ದೊರೆಸಾನಿ ಕೆಲವು ವಾರಗಳಿಂದ ಸುಸ್ತಾಗಿದ್ದಳು. ನಾಲ್ಕು ಸುತ್ತು ಹಾಕಿದರೆ ನಿಂತುಬಿಡುವುದು, ಜೀನು ಕಟ್ಟಲು ಹೋದರೆ ಹಲ್ಲು ತೋರಿಸುವುದು. ಶಾಲೆಯ ಯಜಮಾನನಿಗೆ ತಾಳ್ಮೆ ಕಡಿಮೆ. ಒಂದು ಗುರುವಾರ ಬೆಳಿಗ್ಗೆ ಅವನೇ ಮುಂದೆ ನಿಂತು, ಇಬ್ಬರಿಂದ ಲಗಾಮು ಎಳೆಸಿ, ಅವಳು ಕುಣಿದು ಕುಪ್ಪಳಿಸುತ್ತಿರುವಾಗಲೇ ರಕ್ತ ತೆಗೆಸಿದ. ತೆಗೆದವಳು ಹನಿಯಕ್ಕ. ಡಾಕ್ಟರು ಹಿಂದಿನ ವಾರ ಬಲಗೈ ಮುರಿದುಕೊಂಡಿದ್ದರು. ಇಪ್ಪತ್ತು ವರ್ಷದಲ್ಲಿ ಒಂದು ಕುದುರೆಯೂ ಅವರಿಗೆ ಒದ್ದಿರಲಿಲ್ಲ, ಅವರ ಮನೆಯ ಮೆಟ್ಟಿಲೇ ಒದ್ದಿತ್ತು. ಕೈ ಪ್ಲಾಸ್ಟರಿನಲ್ಲಿ, ಪ್ಲಾಸ್ಟರು ಜೋಳಿಗೆಯಲ್ಲಿ.

ಹನಿಯಕ್ಕ ಲ್ಯಾಬಿಗೆ ಬಂದಳು. ಲ್ಯಾಬೆಂದರೆ ಉದ್ದನೆಯ ಒಂದು ಕೋಣೆ, ಕಿಟಕಿಯ ಕೆಳಗೆ ಬಿಳಿ ಕಲ್ಲಿನ ಮೇಜು, ಮೂಲೆಯಲ್ಲಿ ಗೊರಕೆ ಹೊಡೆಯುವ ಫ್ರಿಜ್ಜು, ಗೋಡೆಗೆ ಒಂದು ನಲ್ಲಿ. ರಕ್ತ ಹೆಪ್ಪುಗಟ್ಟದಂತೆ ಮದ್ದು ಹಾಕಿದ ಸೀಸೆಯನ್ನು ಹತ್ತು ಸಲ ಮಗುಚಿ, ಸ್ಟ್ಯಾಂಡಿನಲ್ಲಿಟ್ಟು, ಚೀಟಿ ಬರೆಯಲು ಕೂತಳು. ಬೇರೆಯವರಾದರೆ ನಾಲ್ಕು ಅಕ್ಷರ ಗೀಚಿ ಅಂಟಿಸುತ್ತಾರೆ. ಇವಳು ದರ್ಜಿಯ ಮಗಳು. ಹೆಸರು, ಬಣ್ಣ, ವಯಸ್ಸು, ಶಾಲೆಯ ವಿಳಾಸ, ತಾರೀಕು, ಕೆಳಗೊಂದು ಗೆರೆ. ಚೀಟಿ ಅಗಲವಾಗಿ ಸೀಸೆಯನ್ನು ಪೂರ್ತಿ ಸುತ್ತಿಕೊಂಡಿತು, ಮಗುವಿಗೆ ಸ್ವೆಟರ್ ಹಾಕಿದಂತೆ. ಆಮೇಲೆ ಕನ್ನಡಕ ಒರೆಸಿದಳು. ಆಮೇಲೆ ಕೂದಲೆಳೆಯಂಥ ಗಾಜಿನ ನಳಿಕೆಯನ್ನು ಸೀಸೆಯ ಬಾಯಿಗೆ ಅದ್ದಿ, ಒಂದಿಷ್ಟು ಎಳೆದು, ಯಂತ್ರದಲ್ಲಿ ತಿರುಗಿಸಿ, ನೂರರಲ್ಲಿ ಕೆಂಪು ಎಷ್ಟು ಎಂದು ಅಳೆದಳು. ಹತ್ತೊಂಬತ್ತು. ಮೂವತ್ತರ ಮೇಲೆ ಇರಬೇಕಾದದ್ದು ಹತ್ತೊಂಬತ್ತು.

ಮನುಷ್ಯರ ಲ್ಯಾಬಿನಲ್ಲಿ ಏಳು ವರ್ಷ ಹೀಗೇ ಮಾಡಿದ್ದಳು, ಒಮ್ಮೆಯೂ ಎಡವಟ್ಟಾಗಿರಲಿಲ್ಲ.

ರಿಪೋರ್ಟ್ ಹೋಯಿತು. ಯಜಮಾನ ಓದಿದ. "ರಕ್ತವೇ ಇಲ್ಲದ ಕುದುರೆ ಕಟ್ಕೊಂಡು ನಾನೇನು ಮಾಡ್ಲಿ?" ಎಂದು, ಗಾಡಿ ಎಳೆಯಲು ಸಿಕ್ಕ ಪ್ರಾಣಿಯನ್ನೆಲ್ಲ ಕೊಳ್ಳುವ ಕಲ್ಲುಕ್ವಾರಿಯವನಿಗೆ ಅಲ್ಲೇ ಫೋನು ಮಾಡಿದ. ಶನಿವಾರ ಮಧ್ಯಾಹ್ನ ಬಂದು ಹಿಡಿದುಕೊಂಡು ಹೋಗುವುದೆಂದು ಮಾತಾಯಿತು.

ಸುದ್ದಿ ತಂದವನು ಲಾಯದ ತಾತ. ಆ ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತ. "ಅಮ್ಮ, ಅವಳ ರಕ್ತದಲ್ಲಿ ನಿಜವಾಗ್ಲೂ ಅಷ್ಟೇ ಇದೆಯಾ? ನಂದು ಬೇಕಾದ್ರೆ ತಗೊಳ್ಳಿ."

"ನಿಮ್ಮದು ಅವಳಿಗೆ ಆಗಲ್ಲ ತಾತ."

"ಯಾಕೆ, ನಾನು ಕುದುರೆಗಿಂತ ಕಡಿಮೆಯಾ?" ಎಂದ. ತಮಾಷೆಗೆ ಹೇಳಿದನೋ ನಿಜಕ್ಕೆ ಹೇಳಿದನೋ, ಕಣ್ಣಂತೂ ಒದ್ದೆಯಾಗಿತ್ತು.

ಅವಳು ಸ್ಟ್ಯಾಂಡಿನ ಕಡೆ ತಿರುಗಿದಳು. ದೊರೆಸಾನಿಯ ಸೀಸೆ ಅಲ್ಲೇ ಇತ್ತು. ನಲ್ಲಿಯ ತೇವಕ್ಕೆ ಚೀಟಿಯ ಅಂಚು ಬಿಟ್ಟು ಸುರುಳಿಯಾಗಿತ್ತು. ಆ ಸಂದಿಯಲ್ಲಿ ಕಂಡಿತು: ಕೆಳಗೆ ಗಟ್ಟಿ ಕೆಂಪು, ಮೇಲೆ ಹಳದಿ. ಎರಡು ಅಂತಸ್ತಿನ ಮನೆ. ಹನಿಯಕ್ಕ ಬೆಳಿಗ್ಗೆ ನಳಿಕೆ ಅದ್ದಿದ್ದು ಮೇಲಿನ ಅಂತಸ್ತಿಗೆ. ಮುತ್ತಿನ ಅಕ್ಷರದ ಸ್ವೆಟರಿನೊಳಗೆ ಅದು ಕಾಣಿಸಿರಲಿಲ್ಲ.

"ತಾತ," ಎಂದಳು, "ಅವಳಿಗೆ ರಕ್ತ ಕಡಿಮೆ ಇಲ್ಲ. ನನಗೆ ಬುದ್ಧಿ ಕಡಿಮೆ."

ನೀನು ಅವಳ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ? ಚೀಟಿ ಅಂಟಿಸಿ ಸುಮ್ಮನಿರುತ್ತಿದ್ದೆ. ನಾನೂ ಅಷ್ಟೇ. ಅವಳು ಸೀಸೆ ಹಿಡಿದು ನೆಟ್ಟಗೆ ಡಾಕ್ಟರ ಕೋಣೆಗೆ ನಡೆದಳು. ಕಾಮಾಲೆಯ ನಗು ಇನ್ನೂ ಆರಿರಲಿಲ್ಲ, ಅದರ ಮೇಲೆ ಇದು. ಆದರೂ ಹೇಳಿದಳು, ಒಂದಕ್ಷರ ಬಿಡದೆ. ಡಾಕ್ಟರು ಎಡಗೈಯಿಂದ ಗಲ್ಲ ಕೆರೆದುಕೊಂಡರು.

"ಎಡಗೈಲಾದ್ರೂ ಸಹಿ ಹಾಕಿದವನು ನಾನು. ಅರ್ಧ ಬುದ್ಧಿ ನಂದೂ ಕಡಿಮೆ ಅಂತ ಬರ್ಕೋ. ಈಗ ಚೆನ್ನಾಗಿ ಮಗುಚಿ ಮತ್ತೆ ನೋಡು."

ಮಗುಚಿ ನೋಡಿದಳು. ನಲವತ್ತೊಂಬತ್ತು.

"ಇದೇನ್ ಸಾರ್, ಬೆಳಿಗ್ಗೆ ಭಿಕಾರಿ, ಮಧ್ಯಾಹ್ನ ಸಾಹುಕಾರ್ತಿ?"

"ಇದೂ ಸುಳ್ಳೇ," ಎಂದರು ಡಾಕ್ಟರು. "ಹೆದರಿದ ಕುದುರೆ ಕಣಮ್ಮ ಅದು. ಕುದುರೆ ತನ್ನ ರಕ್ತದಲ್ಲಿ ಒಂದು ಪಾಲು ಹೊಟ್ಟೆಯೊಳಗಿನ ಗುಲ್ಮದಲ್ಲಿ ಬಚ್ಚಿಟ್ಟಿರತ್ತೆ, ಅಜ್ಜಿ ಅಟ್ಟದ ಮೇಲಿನ ಡಬ್ಬದಲ್ಲಿ ಸಿಹಿ ಬಚ್ಚಿಟ್ಟ ಹಾಗೆ. ಗಾಬರಿಯಾದ್ರೆ ಎಲ್ಲಾ ಒಟ್ಟಿಗೆ ಹೊರಗೆ ಬಿಡತ್ತೆ, ಓಡೋಕೆ ಬೇಕಲ್ಲ. ಇಬ್ಬರು ಜಗ್ಗಿ ಹಿಡಿದು ತೆಗೆದ ರಕ್ತ ನಿಜ ಹೇಳಲ್ಲ. ನಾಳೆ ಬೆಳಿಗ್ಗೆ ಹೋಗು. ಅವಳಿಗೆ ಗೊತ್ತೇ ಆಗದ ಹಾಗೆ ತಗೊಂಡು ಬಾ."

ಶುಕ್ರವಾರ ಬೆಳಿಗ್ಗೆ ಹನಿಯಕ್ಕ ಬಿಳಿ ಕೋಟು ಬಿಟ್ಟು ಮನೆಯ ಸೀರೆಯಲ್ಲೇ ಲಾಯಕ್ಕೆ ಹೋದಳು. ದೊರೆಸಾನಿಯ ಪಕ್ಕದಲ್ಲಿ ಬಕೆಟ್ಟು ಮಗುಚಿ ಹಾಕಿ ಕೂತಳು. ತಾತ ಮೈ ಉಜ್ಜುತ್ತಿದ್ದ. ಇವಳು ಮನೆಯ ಸುದ್ದಿ ಹೇಳತೊಡಗಿದಳು: ದೊಡ್ಡವನು ಒಂದು ಚಪ್ಪಲಿ ಕಳೆದುಕೊಂಡು ಬಂದದ್ದು, ಅತ್ತೆ ತಮ್ಮ ಕನ್ನಡಕ ಕಾಣದೆಂದು ಮನೆಯೆಲ್ಲ ಹುಡುಕಿಸಿದ್ದು, ಅದು ಅವರ ತಲೆಯ ಮೇಲೇ ಇದ್ದದ್ದು. ಅರ್ಧ ಗಂಟೆಯಾಯಿತು. ದೊರೆಸಾನಿಯ ಕೆಳತುಟಿ ಜೋತುಬಿತ್ತು, ಒಂದು ಹಿಂಗಾಲು ಸಡಿಲವಾಯಿತು, ಕಣ್ಣು ಅರ್ಧ ಮುಚ್ಚಿತು. ಮಾತು ನಿಲ್ಲಿಸದೆ, ಅದೇ ದನಿಯಲ್ಲಿ "ಒಂದೇ ಒಂದು ಹನಿ ಕಣೇ ತಾಯಿ" ಎನ್ನುತ್ತ ಹನಿಯಕ್ಕ ಕುತ್ತಿಗೆಯ ನರಕ್ಕೆ ಸೂಜಿ ಇಳಿಸಿ ಸೀಸೆ ತುಂಬಿಸಿಕೊಂಡಳು. ದೊರೆಸಾನಿ ಆಕಳಿಸಿದಳು, ಅಷ್ಟೇ.

"ನೋಡಿದ್ರಾ ಅಮ್ಮ, ಎಷ್ಟು ಒಳ್ಳೆಯವಳು," ಎಂದ ತಾತ. "ಜೀನಿನ ಹೊಟ್ಟೆ ಪಟ್ಟಿ ಕಟ್ಟುವಾಗ ಮಾತ್ರ ಕೋಪ. ಬಂದಾಗಿನಿಂದ ಮೂರು ತೂತು ಸಡಿಲ ಮಾಡಿದೀನಿ, ಆದ್ರೂ ಬಿಗಿ ಅಂತಾಳೆ."

ಈ ಮಾತು ಅವಳ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಲೆಯೆಲ್ಲ ಸೀಸೆಯ ಮೇಲಿತ್ತು. ಹಾಲು ಕುಡಿದು ಬಾಯಿ ಸುಟ್ಟವಳು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾಳೆ. ಅದು ತಳ ಸೇರಿಬಿಟ್ಟರೆ ಎಂಬ ಭಯಕ್ಕೆ ಎರಡೂ ಅಂಗೈ ನಡುವೆ ಸೀಸೆಯನ್ನು ಹಿಡಿದು ಉರುಳಿಸುತ್ತ ಬೀದಿಗಿಳಿದಳು. ಉರುಳಿಸುತ್ತಲೇ ತರಕಾರಿ ಅಂಗಡಿ ದಾಟಿದಳು, ಉರುಳಿಸುತ್ತಲೇ ಬಸ್ಸಿಗೆ ದಾರಿ ಬಿಟ್ಟಳು. ಮೂಗಿನ ಮೇಲೆ ನೊಣ ಕೂತಿತು. ಅದನ್ನೂ ಹೊತ್ತುಕೊಂಡೇ ನಡೆದಳು. ಓಣಿಯ ತಿರುವಿನಲ್ಲಿ ಅತ್ತೆ ಎದುರಾದರು, ಕೈಯಲ್ಲಿ ಎರಡು ಭಾರದ ಚೀಲ.

"ಒಳ್ಳೇ ಹೊತ್ತಿಗೆ ಸಿಕ್ಕಿದೆ, ಒಂದು ಹಿಡ್ಕೋಮ್ಮ."

"ಆಗಲ್ಲ ಅತ್ತೆ, ಕೈ ಬಿಡೋ ಹಾಗಿಲ್ಲ."

"ಕೈ ಉಜ್ಕೊಂಡು ಹೋಗ್ತಿದೀಯ, ಚೀಲ ಹಿಡಿಯೋಕೆ ಆಗಲ್ವಾ?"

"ಉಜ್ಜೋದೇ ಕೆಲಸ ಅತ್ತೆ."

ಅತ್ತೆ ಆ ಮಾತನ್ನು ಸಾಯುವ ತನಕ ಮರೆಯಲಿಲ್ಲ. ಯಾರಾದರೂ "ಸೊಸೆ ಏನು ಕೆಲಸ ಮಾಡ್ತಾಳೆ?" ಎಂದರೆ "ಕೈ ಉಜ್ತಾಳೆ" ಎನ್ನುತ್ತಿದ್ದರು.

ಅವಳು ಬೆವತು ಬಂದು ನಿಂತಾಗ ಡಾಕ್ಟರು ಅಡಿಯಿಂದ ಮುಡಿಯವರೆಗೆ ನೋಡಿದರು. "ದಾರಿಯುದ್ದಕ್ಕೂ ಉರುಳಿಸಿಕೊಂಡು ಬಂದ್ಯಾ? ಇಲ್ಲಿಗೆ ಬಂದು ಹತ್ತು ಸಲ ಮಗುಚಿದ್ರೆ ಸಾಕಿತ್ತಲ್ಲಮ್ಮ."

"ಮೊದಲೇ ಹೇಳಬಾರದಿತ್ತಾ ಸಾರ್?"

"ನೀನು ಕೇಳಲಿಲ್ಲ."

ಅಳೆದಳು. ಮೂವತ್ತಾರು. ಮತ್ತೆ ಅಳೆದಳು, ಮೂವತ್ತಾರು. ಹಾಳೆಯ ಮೇಲೆ ಬರೆದು, ನಿನ್ನೆಯದು ತನ್ನ ತಪ್ಪೆಂದೂ ಬರೆದು, ತಾನೇ ಯಜಮಾನನಿಗೆ ಕೊಟ್ಟಳು. ಅವನು ಓದಿ ಮಡಚಿ ಜೇಬಿಗೆ ಹಾಕಿದ.

"ರಕ್ತ ಸರಿ ಇದೆ ಅಂತೀರ. ಹಾಗಾದ್ರೆ ಯಾಕೆ ನಾಲ್ಕು ಸುತ್ತಿಗೆ ನಿಲ್ತಾಳೆ? ಕಾಯಿಲೆ ಅಂದಿದ್ರೆ ಅಯ್ಯೋ ಪಾಪ ಅಂದೇನು. ಸೋಮಾರಿಗೆ ನನ್ನ ಹತ್ರ ಜಾಗ ಇಲ್ಲ. ನಾಳೆ ಮಧ್ಯಾಹ್ನ ಹೋಗ್ತಾಳೆ."

ನೋಡು, ನಿಜ ಹೇಳಿದರೂ ಕೆಲಸ ಕೆಟ್ಟಿತು. ಸುಳ್ಳು ರಿಪೋರ್ಟು ಅವಳನ್ನು ಕ್ವಾರಿಗೆ ಕಳಿಸಿತ್ತು, ನಿಜವಾದ ರಿಪೋರ್ಟು ಬೆನ್ನು ತಟ್ಟಿ ಕಳಿಸುತ್ತಿತ್ತು. ಹನಿಯಕ್ಕ ಮನೆಗೆ ಬಂದು ಊಟದ ತಟ್ಟೆಯ ಮುಂದೆ ಗಲ್ಲಕ್ಕೆ ಕೈ ಕೊಟ್ಟು ಕೂತಳು. ಲಾಡಿ ಬಿಗಿಯೆಂದು ಕೊಸರಾಡುತ್ತಿದ್ದ ಮೊಮ್ಮಗಳಿಗೆ ಅತ್ತೆ ಹೊಸ ಲಂಗ ತೊಡಿಸುತ್ತ, "ನಿನ್ನ ಹೊತ್ತಾಗ ನಿಮ್ಮಮ್ಮನೂ ಹೀಗೇ. ಸೊಂಟದ ಹತ್ರ ಬಟ್ಟೆ ಸೋಕಿದ್ರೆ ಸಾಕು, ಕಚ್ಚೋಕೆ ಬರ್ತಿದ್ಲು. ನಾಲ್ಕು ಹೆಜ್ಜೆಗೆ ಏದುಸಿರು" ಎಂದರು.

ಹನಿಯಕ್ಕ ಗಲ್ಲದಿಂದ ಕೈ ತೆಗೆದಳು. ಮೂರು ತೂತು. ತಾತ ಹೇಳಿದ ಮೂರು ತೂತು ಈಗ ತಲೆಗೆ ಹೋಯಿತು. "ಅತ್ತೆ, ನೀವು ಡಾಕ್ಟರಾಗಬೇಕಿತ್ತು" ಎಂದು ಚಪ್ಪಲಿ ಮೆಟ್ಟಿ ಓಡಿದಳು. ಅತ್ತೆ ಮಗನ ಕಡೆ ನೋಡಿ, "ಕೈ ಉಜ್ಜಿ ಉಜ್ಜಿ ತಲೆಗೆ ಏರಿದೆ" ಎಂದರು.

ಡಾಕ್ಟರು ಕೇಳಿ ಹಣೆ ಚಚ್ಚಿಕೊಂಡರು, ಎಡಗೈಯಿಂದಲೇ. "ಹೊಟ್ಟೆಯಲ್ಲಿ ಮರಿ ಇದ್ರೂ ಇರಬಹುದು. ಕೊಂಡಾಗ ಮಾರಿದವನಿಗೂ ಗೊತ್ತಿಲ್ಲದೆ ಇದ್ದಿರಬಹುದು. ಒಳಗೆ ಕೈ ಹಾಕಿ ನೋಡಿದ್ರೆ ಒಂದು ನಿಮಿಷದ ಕೆಲಸ. ಕೈಯೇ ಇಲ್ಲವಲ್ಲಮ್ಮ." ಪ್ಲಾಸ್ಟರನ್ನು ದುರುಗುಟ್ಟಿ ನೋಡಿದರು. ಆಮೇಲೆ ಅಲಮಾರಿಯಿಂದ ಬೆನ್ನು ಹರಿದ ಹಳೇ ಪುಸ್ತಕ ತೆಗೆದರು. "ನಮ್ಮ ಗುರುಗಳ ಕಾಲದ ಪರೀಕ್ಷೆ ಒಂದಿದೆ. ಹೊಟ್ಟೆಯಲ್ಲಿ ಮರಿ ಇರೋ ಕುದುರೆಯ ಮೂತ್ರವನ್ನ ಆಸಿಡ್ ಹಾಕಿ ಕುದಿಸಿ ಸೋಸಿ ಕೊನೆಗೆ ಮತ್ತೊಂದು ಆಸಿಡ್ ಹಾಕಿದ್ರೆ, ತಳದಲ್ಲಿ ಹಸಿರು ಬೆಳಕು ಹೊಳೆಯತ್ತೆ. ಮಾಡ್ತೀಯಾ?"

"ಮಾಡ್ತೀನಿ. ಮೂತ್ರ?"

"ಅದೇ ಕಷ್ಟ. ಕುದುರೆ ನಾವು ಹೇಳಿದಾಗ ಹೊಯ್ಯಲ್ಲ. ಹೊಸ ಹುಲ್ಲು ಹಾಸಿ ಶಿಳ್ಳೆ ಹಾಕಬೇಕು. ಮರಿಯಾಗಿದ್ದಾಗಿಂದ ಅಭ್ಯಾಸ ಮಾಡಿಸಿರ್ತಾರೆ. ತಾತನಿಗೆ ಹೇಳು."

ಇಲ್ಲಿ ನಗಬೇಡ. ಇದು ಸುಳ್ಳಲ್ಲ, ಲಾಯದ ಜನ ಈಗಲೂ ಮಾಡುತ್ತಾರೆ. ತೊಂದರೆಯೆಂದರೆ ತಾತನ ಮುಂದಿನ ಎರಡು ಹಲ್ಲು ಹಿಂದಿನ ತಿಂಗಳಷ್ಟೇ ಬಿದ್ದಿದ್ದವು. ಶಿಳ್ಳೆ ಹಾಕಲು ಹೋದರೆ ಬರೀ ಪುಸ್ ಎನ್ನುತ್ತಿತ್ತು. ಡಾಕ್ಟರು ಪ್ರಯತ್ನಿಸಿದರು. ಆ ಮೈಯಿಂದ ಸೊಳ್ಳೆಯ ದನಿ ಬಂತು. ಹನಿಯಕ್ಕನಿಗೆ ಹುಟ್ಟಿದಾಗಿನಿಂದ ಶಿಳ್ಳೆ ಬಾರದು.

ಊರಿನಲ್ಲಿ ಶಿಳ್ಳೆಗೆ ಹೆಸರಾದವನು ಒಬ್ಬನೇ ಇದ್ದ, ಅವಳ ಗಂಡ. ಹಾಲು ಸುರಿದಂತೆ ಉದ್ದನೆಯ, ನಡುವೆ ಮುರಿಯದ ಶಿಳ್ಳೆ. ಆ ಶಿಳ್ಳೆಯಿಂದಲೇ ಅವನು ದರ್ಜಿಯ ಅಂಗಡಿಯ ಮುಂದೆ ಓಡಾಡಿ ಮಗಳ ಮನಸ್ಸು ಗೆದ್ದದ್ದು, ಮಾವನ ಕೈಯ ಅಳತೆಕೋಲಿನ ರುಚಿ ನೋಡಿದ್ದು. ಅದಕ್ಕೇ ಮದುವೆಗೆ ಒಪ್ಪುವಾಗ ಅವಳು ಒಂದೇ ಷರತ್ತು ಹಾಕಿದ್ದಳು: ಇನ್ನು ಜನ್ಮದಲ್ಲಿ ಶಿಳ್ಳೆ ಹಾಕಬಾರದು. ಒಂಬತ್ತು ವರ್ಷದಿಂದ ಅವನು ಮಾತು ಉಳಿಸಿಕೊಂಡಿದ್ದ. ಹೆಚ್ಚುಕಡಿಮೆ.

ಆ ಸಂಜೆ ಅವಳು ಅಂಗಡಿಯ ಮುಂದೆ ನಿಂತು ಕೆಮ್ಮಿದಳು. "ನಾಳೆ ಬೆಳಿಗ್ಗೆ ನೀವೊಂದು ಶಿಳ್ಳೆ ಹಾಕಬೇಕು."

ಅವನು ಕಣ್ಣಿನಿಂದ ಭೂತಗನ್ನಡಿ ತೆಗೆದ. "ಯಾರಿಗೆ?"

"ಒಬ್ಬಳು ದೊರೆಸಾನಿಗೆ."

"ಹೆಂಡತಿಯೇ ಕೇಳ್ತಿದಾಳೆ ಅಂದ್ಮೇಲೆ ಇಲ್ಲ ಅನ್ನೋದು ಹೇಗೆ? ನೋಡೋಕೆ ಹೇಗಿದಾಳೆ?"

"ನಾಲ್ಕು ಕಾಲಿದೆ. ಬನ್ನಿ ಸುಮ್ಮನೆ."

ಶನಿವಾರ ಬೆಳಗ್ಗೆ ಏಳಕ್ಕೇ ಲಾಯದಲ್ಲಿ ಹೊಸ ಹುಲ್ಲು ಹಾಸಿತ್ತು. ಉದ್ದನೆಯ ಕೋಲಿನ ತುದಿಗೆ ಡಬ್ಬ ಕಟ್ಟಿ ಹಿಡಿದು ಹನಿಯಕ್ಕ ದೊರೆಸಾನಿಯ ಹಿಂದೆ ಸಿದ್ಧಳಾದಳು. ಗಂಡ ಮೀಸೆ ಒರೆಸಿ, ತುಟಿ ಒದ್ದೆ ಮಾಡಿ, ಒಂಬತ್ತು ವರ್ಷ ಕಟ್ಟಿಟ್ಟದ್ದನ್ನು ಬಿಚ್ಚಿದ. ಏನು ಹೇಳಲಿ. ಎಡಗಡೆಯ ಮೊದಲ ಕುದುರೆ ಶುರು ಮಾಡಿತು. ಅದನ್ನು ಕೇಳಿ ಎರಡನೆಯದು. ಹೀಗೆ ಸಾಲಾಗಿ ಹನ್ನೊಂದು ಕುದುರೆಗಳು ಒಟ್ಟಿಗೆ ಹೊಯ್ದವು. ಲಾಯದಲ್ಲಿ ಪ್ರವಾಹ. ಒಂದು ಬಕೆಟ್ಟು ತೇಲಿಕೊಂಡು ಬಾಗಿಲು ದಾಟಿತು. ತಾತ ಚಪ್ಪಲಿ ಕೈಗೆತ್ತಿಕೊಂಡ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಗಂಡಸರು ಕಾರಣ ತಿಳಿಯದೆ ಅವಸರವಾಗಿ ಮನೆಯ ಕಡೆ ನಡೆದರಂತೆ. ದೊರೆಸಾನಿ ಮಾತ್ರ ಇದೆಲ್ಲ ತನಗೆ ಸಂಬಂಧವಿಲ್ಲವೆಂಬಂತೆ ಕಿಟಕಿಯಾಚೆ ನೋಡುತ್ತ ನಿಂತಿದ್ದಳು.

ಎಂಟಾಯಿತು. ಎಂಟೂವರೆಯಾಯಿತು. ಮಧ್ಯಾಹ್ನಕ್ಕೆ ಕ್ವಾರಿಯವನು ಬರುತ್ತಾನೆ. ಗಂಡನ ತುಟಿ ಊದಿ, ಶಿಳ್ಳೆ ಸಣ್ಣದಾಗುತ್ತ ಬಂತು. "ನನ್ನ ಮುಖ ಹಿಡಿಸಲಿಲ್ಲವೇನೋ" ಎಂದ.

"ಬೀದಿ ಶಿಳ್ಳೆ ಬೇಡ," ಎಂದಳು ಹನಿಯಕ್ಕ. "ಆ ಇನ್ನೊಂದು ಹಾಕಿ. ನಮ್ಮಪ್ಪನ ಅಂಗಡಿ ಮುಂದೆ ಹಾಕ್ತಿದ್ದದ್ದು. ಮೆಲ್ಲಗೆ."

ಅವನು ಅವಳನ್ನೊಮ್ಮೆ ನೋಡಿದ. ಆಮೇಲೆ ಅದನ್ನು ಹಾಕಿದ. ದೊರೆಸಾನಿ ಕಿವಿ ತಿರುಗಿಸಿದಳು. ಹೊಸ ಹುಲ್ಲಿನ ಮೇಲೆ ಹಿಂಗಾಲು ಅಗಲಿಸಿದಳು. ಡಬ್ಬ ತುಂಬಿ ಉಕ್ಕಿ, ಹನಿಯಕ್ಕನ ಸೀರೆ ಮೊಣಕಾಲವರೆಗೆ ತೊಯ್ದಿತು. ಅಂಥ ಸಂತೋಷದಿಂದ ಯಾರೂ ಅಷ್ಟು ಒದ್ದೆಯಾದದ್ದಿಲ್ಲ.

ಆಮೇಲಿನದು ಲ್ಯಾಬಿನಲ್ಲಿ. ಡಾಕ್ಟರು ಹಳೇ ಪುಸ್ತಕ ಹಿಡಿದು ಓದುವುದು, ಅವಳು ಮಾಡುವುದು. ಆಸಿಡ್ ಹಾಕಿ ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು, ನಲ್ಲಿಯ ಕೆಳಗೆ ತಣಿಸಿ, ಬೇರೊಂದು ದ್ರವ ಸೇರಿಸಿ ಕುಲುಕಿ, ಮೇಲೆ ತೇಲಿದ್ದನ್ನು ಇನ್ನೊಂದು ಸೀಸೆಗೆ ಹೀರಿ, ಅದಕ್ಕೆ ಎರಡನೇ ಆಸಿಡ್ಡನ್ನು ಅಂಚಿನಿಂದ ಹನಿಹನಿಯಾಗಿ ಬಿಟ್ಟಳು. ಈ ಸಲ ಸೀಸೆಗೆ ಚೀಟಿಯೇ ಇರಲಿಲ್ಲ. ಮತ್ತೆ ಬಿಸಿ, ಮತ್ತೆ ತಣ್ಣಗೆ. ಅಷ್ಟರಲ್ಲಿ ಬಾಗಿಲಲ್ಲಿ ಯಜಮಾನ, ಅವನ ಹಿಂದೆ ಹೆಗಲಿಗೆ ಹಗ್ಗ ಸುತ್ತಿಕೊಂಡ ಕ್ವಾರಿಯವನು, ಅವನ ಹಿಂದೆ ಟೋಪಿ ಹಿಸುಕುತ್ತ ತಾತ.

"ಮಾರಾಟದ ಕಾಗದಕ್ಕೆ ಸಹಿ ಬೇಕು ಡಾಕ್ಟ್ರೇ, ಹೊರಡ್ತೀವಿ," ಎಂದ ಯಜಮಾನ.

"ಎರಡು ನಿಮಿಷ," ಎಂದರು ಡಾಕ್ಟರು. ತಮ್ಮ ಕಪ್ಪು ಛತ್ರಿಯನ್ನು ಬಿಚ್ಚಿ ಮೇಜಿನ ಮೇಲೆ ನಿಲ್ಲಿಸಿದರು. ಹನಿಯಕ್ಕ ಸೀಸೆಯನ್ನು ಆ ಕಪ್ಪಿನ ಮುಂದೆ ಹಿಡಿದು, ಕಿಟಕಿಯ ಬಿಸಿಲು ಪಕ್ಕದಿಂದ ಬೀಳುವಂತೆ ಮೆಲ್ಲಗೆ ತಿರುಗಿಸಿದಳು.

ತಳದಲ್ಲಿ ಹಸಿರು. ಬಣ್ಣ ಬಳಿದ ಹಸಿರಲ್ಲ. ಹೊತ್ತಿಸಿದ ಹಸಿರು, ಮಿಂಚುಹುಳದಂತೆ ಒಳಗಿನಿಂದ ಹೊಳೆಯುವುದು. ಫ್ರಿಜ್ಜು ಕೂಡ ಗೊರಕೆ ನಿಲ್ಲಿಸಿತು.

"ಇದೇನು?" ಎಂದ ಯಜಮಾನ.

"ನಿಮ್ಮ ಸೋಮಾರಿ," ಎಂದಳು ಹನಿಯಕ್ಕ. "ಇಬ್ಬರ ಕೆಲಸ ಒಬ್ಬಳೇ ಮಾಡ್ತಿದಾಳೆ. ಹೊಟ್ಟೆಯಲ್ಲಿ ಮರಿ ಇದೆ."

ಯಜಮಾನ ಸೀಸೆ ನೋಡಿದ, ಡಾಕ್ಟರನ್ನು ನೋಡಿದ, ಹಗ್ಗದವನನ್ನು ನೋಡಿದ. "ಒಂದು ಕುದುರೆ ಕೊಟ್ಟು ಎರಡು ಕಳ್ಕೊಳ್ಳೋಕೆ ನನಗೇನು ಹುಚ್ಚಾ? ಹೋಗಯ್ಯ, ಇವಳು ಎಲ್ಲಿಗೂ ಬರಲ್ಲ." ಕ್ವಾರಿಯವನು ಹಗ್ಗ ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು, ಹೋಗುವ ಮೊದಲು ಅವನೂ ಒಂದು ಸಲ ಬಗ್ಗಿ ಹಸಿರನ್ನು ನೋಡಿದ. ತಾತ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಲು ನೋಡಿದ. ಪುಸ್ ಎಂದಿತು. ಅದಕ್ಕೇ ಎಲ್ಲರೂ ನಕ್ಕರು, ತಾತನೂ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹನಿಯಕ್ಕ ಹೋಗಿ ನೋಡಿದಾಗ, ಹುಲ್ಲಿನ ಮೇಲೆ ನಾಲ್ಕು ಉದ್ದ ಕಡ್ಡಿಗಳ ಮೇಲೆ ನಿಂತ ಒಂದು ಕಪ್ಪು ಹೆಣ್ಣು ಮರಿ. ಅದರ ಕುತ್ತಿಗೆಯಿಂದ ತೆಗೆದದ್ದು ಮಾತ್ರ ನಿಜವಾಗಿಯೂ ಕೆಲವೇ ಹನಿ. ಮಾತು ಉಳಿಸಿಕೊಂಡದ್ದು ಅದೊಂದೇ ಸಲ. ತಾಯ ಮೊದಲ ಹಾಲಿನ ರೋಗ ತಡೆಯುವ ಬಲ ರಕ್ತಕ್ಕೆ ಇಳಿದಿದೆಯೇ ಎಂದು ಪರೀಕ್ಷಿಸಿದರೆ, ಇಳಿದಿತ್ತು. ಆ ಮರಿ ಬೆಳೆದು ಊರಿನ ಅರ್ಧ ಮಕ್ಕಳಿಗೆ ಸವಾರಿ ಕಲಿಸಿತು. ಆಸ್ಪತ್ರೆಯಲ್ಲಿ ಇವತ್ತಿಗೂ ಒಂದು ನಿಯಮವಿದೆ: ಸೀಸೆಯ ಚೀಟಿ ಒಂದು ಬೆರಳಿಗಿಂತ ಅಗಲ ಇರಕೂಡದು. ಯಾಕೆಂದು ಹೊಸಬರಿಗೆ ಗೊತ್ತಿಲ್ಲ. ಹನಿಯಕ್ಕ ನಿವೃತ್ತಳಾಗಿ ವರ್ಷಗಳಾದವು. ಆದರೂ ಅವಳ ಕೈಗೆ ಔಷಧಿ ಸೀಸೆಯನ್ನೋ ಎಣ್ಣೆ ಸೀಸೆಯನ್ನೋ ಕೊಟ್ಟು ನೋಡು, ಅಂಗೈಗಳು ತಾವಾಗಿ ಉರುಳಿಸತೊಡಗುತ್ತವೆ.

ಮತ್ತೆ ಆ ಗಂಡ ಏನಾದ ಎಂದು ಕೇಳುತ್ತೀಯಾ? ಮೀಸೆ ಬೆಳ್ಳಗಾಯಿತು. ಷರತ್ತು ಅಂದೇ ರದ್ದಾಯಿತು, ಅದು ಅವನಿಗೆ ದೊರೆಸಾನಿ ಕೊಟ್ಟ ಇನಾಮು. ಆ ಹನ್ನೊಂದು ಕುದುರೆಗಳಲ್ಲಿ ಒಂದಂತೂ ಆಮೇಲೆ ಅವನನ್ನು ಬೀದಿಯಲ್ಲಿ ಕಂಡರೆ ಸಾಕು, ಕಾಲು ಅಗಲಿಸಿ...

"ಹನ್ನೊಂದಲ್ಲ, ನಾಲ್ಕೇ ಇದ್ದದ್ದು," ಎಂದು ಅಡುಗೆ ಮನೆಯಿಂದ ದನಿ ಬಂತು. "ಅದರಲ್ಲಿ ಒಂದು ಮಲಗಿತ್ತು. ಇನ್ನೆಷ್ಟು ಹೊತ್ತು ಅವರ ಕಿವಿ ಕೊರೀತೀರಾ? ತಟ್ಟೆ ಹಾಕಿ ಆಯ್ತು, ಆರಿಹೋಗತ್ತೆ. ಅವರನ್ನೂ ಕರ್ಕೊಂಡು ಬನ್ನಿ ಊಟಕ್ಕೆ."

ಏಳು, ಏಳು. ಕುದುರೆಗಳ ಸಂಖ್ಯೆ ಆಮೇಲೆ ಇತ್ಯರ್ಥ ಮಾಡೋಣ. ಹನಿಯಕ್ಕ ಎರಡನೇ ಸಲ ಕರೆಯುವುದಿಲ್ಲ.